ಮೊಲದ ಜಾಡಿನಲ್ಲಿ ಹಕ್ಕಿನಾಯಿಯ ಪರೀಕ್ಷೆ

ಮೊಲ ಎದ್ದು ಓಡುವುದನ್ನು ನಾಯಿ ನೋಡಲೇಬಾರದು. ಪರೀಕ್ಷೆಯ ಮೊದಲ ಷರತ್ತೇ ಅದು. ಏಪ್ರಿಲ್‌ನ ಒಂದು ಬೆಳಿಗ್ಗೆ ಜರ್ಮನಿಯ ಮುನ್‌ಸ್ಟರ್‌ಲಾಂಡ್ ಸೀಮೆಯ ಗೋಧಿ ಹೊಲದಲ್ಲಿ ನಾವೆಲ್ಲ ಸಾಲು ಹಿಡಿದು, ಒಬ್ಬರಿಂದೊಬ್ಬರು ಒಂದಿಷ್ಟು ದೂರ ಬಿಟ್ಟು ನಡೆಯುತ್ತಿದ್ದೆವು. ಮಗಳ ಮನೆಯ ಪಕ್ಕದಲ್ಲಿರುವ ಬೇಟೆಗಾರರೊಬ್ಬರು ‘ನಾಯಿಗಳ ಪರೀಕ್ಷೆ ಇದೆ, ಬನ್ನಿ’ ಎಂದು ಕರೆದೊಯ್ದಿದ್ದರು. ಗೇಣುದ್ದದ ಪೈರು, ಪ್ಯಾಂಟೆಲ್ಲ ಇಬ್ಬನಿ. ಇದ್ದಕ್ಕಿದ್ದಂತೆ ಮಣ್ಣಿನದೇ ಬಣ್ಣದ ದೊಡ್ಡ ಮೊಲವೊಂದು ಎದ್ದು, ಹೊಲ ದಾಟಿ, ಬೇಲಿಯಾಚೆ ಮಾಯವಾಯಿತು. ಅದು ಮಲಗಿದ್ದ ಗುಳಿಯ ಹತ್ತಿರ ತೀರ್ಪುಗಾರರೊಬ್ಬರು ನಿಂತು ಕೈ ಎತ್ತಿದರು. ದೂರದಲ್ಲಿ ಕಾಯುತ್ತಿದ್ದ ನಾಯಿಯನ್ನು ಆಮೇಲೆ ಕರೆತಂದರು.

ಒಂದು ವರ್ಷ ದಾಟಿದ ಹೆಣ್ಣು ನಾಯಿ. ಜಾತಿ ಡಾಯ್ಚ್ ಡ್ರಾಟ್‌ಹಾರ್: ತಂತಿಯಂತೆ ಒರಟು ಕೂದಲು, ಪೊದೆ ಹುಬ್ಬು, ಗಡ್ಡ. ಯಜಮಾನ ಅದರ ಕೊರಳಪಟ್ಟಿಯೊಳಗೆ ಉದ್ದನೆಯ ಹಗ್ಗ ತೂರಿಸಿ ಎರಡೂ ತುದಿಯನ್ನು ಕೈಯಲ್ಲಿ ಹಿಡಿದಿದ್ದ. ನಾಯಿ ಗುಳಿಯನ್ನು ಮೂಸಿತು. ಬಾಲ ನಿಂತಿತು, ಮೂಗು ನೆಲಕ್ಕಂಟಿತು. ಕೆಲವು ಹೆಜ್ಜೆ ಜೊತೆಗೆ ನಡೆದ ಯಜಮಾನ ಹಗ್ಗದ ಒಂದು ತುದಿ ಬಿಟ್ಟ. ಹಗ್ಗ ಸರ್ರನೆ ಜಾರಿ ಬಂತು, ನಾಯಿ ಹೊರಟೇಬಿಟ್ಟಿತು. ಅಲ್ಲಿಂದ ಮುಂದೆ ಅವನು ಮಾತಾಡುವಂತಿಲ್ಲ, ನಾಯಿಗೆ ಸಹಾಯ ಮಾಡುವಂತಿಲ್ಲ. ಹೊಲದ ಮಧ್ಯೆ ಮೊಲ ಥಟ್ಟನೆ ಪಕ್ಕಕ್ಕೆ ತಿರುಗಿದ್ದನ್ನು ನಾವೆಲ್ಲ ಕಂಡಿದ್ದೆವು. ನಾಯಿ ಆ ತಿರುವನ್ನು ಮೀರಿ ಮುಂದೆ ಹೋಯಿತು. ಜಾಡು ತಪ್ಪಿತು. ನಿಂತಿತು, ತಲೆ ಎತ್ತಲಿಲ್ಲ, ಸುತ್ತು ಹಾಕುತ್ತಾ ಹಿಂದಕ್ಕೆ ಬಂತು, ಎಲ್ಲಿ ಕಳೆದುಕೊಂಡಿತ್ತೋ ಅಲ್ಲೇ ವಾಸನೆಯನ್ನು ಮತ್ತೆ ಹಿಡಿಯಿತು. ಆಗ ಬೊಗಳಿತು. ಒಂದೇ ಸ್ವರದಲ್ಲಿ, ಬಿಟ್ಟೂ ಬಿಡದೆ ಬೊಗಳುತ್ತಾ ಬೇಲಿಯತ್ತ ಸಾಗಿತು. ಪಕ್ಕದಲ್ಲಿದ್ದ ಹಿರಿಯ ಬೇಟೆಗಾರರ ಮುಖ ಅರಳಿತು. ನನ್ನದೂ.

ಈ ನಾಯಿಯ ಮುಖ್ಯ ಕಸುಬು ಹಕ್ಕಿ. ಕೌಜುಗ, ಫೆಸಂಟ್ ಅಡಗಿರುವ ಜಾಗದಲ್ಲಿ ಗಾಳಿಯ ವಾಸನೆ ಹಿಡಿದು ಶಿಲೆಯಂತೆ ನಿಲ್ಲಬೇಕು. ಬಿದ್ದ ಹಕ್ಕಿಯನ್ನು ಹುಡುಕಿ ತರಬೇಕು. ಹಾಗಿದ್ದೂ ವಸಂತದ ಈ ಯುವ ಪರೀಕ್ಷೆಯಲ್ಲಿ ಮೊಲದ ಜಾಡಿಗೂ ಮೂಗಿನ ಬಳಕೆಗೂ ಸಿಗುವ ಅಂಕ ಇಮ್ಮಡಿ ಲೆಕ್ಕಕ್ಕೆ ಬರುತ್ತದೆ. ಹುಡುಕಾಟ, ಹಕ್ಕಿ ಕಂಡು ನಿಲ್ಲುವುದು, ಯಜಮಾನನೊಂದಿಗಿನ ಹೊಂದಾಣಿಕೆ, ಇವು ಮೂರೂ ಒಮ್ಮೆ ಮಾತ್ರ. ಕಾರಣ ಕೇಳಿದಾಗ ಸಿಕ್ಕ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಯಿತು. ಹಕ್ಕಿಯ ಮುಂದೆ ನಿಲ್ಲುವ ಶಿಸ್ತನ್ನು ಜಾಣ ತರಬೇತುದಾರ ಎಷ್ಟೋ ಮಟ್ಟಿಗೆ ತಿದ್ದಬಲ್ಲ. ಆದರೆ ಕಣ್ಣಿಗೆ ಕಾಣದ ಪ್ರಾಣಿಯ ಹಿಂದೆ, ಕ್ಷಣಕ್ಷಣಕ್ಕೂ ಆರುತ್ತಿರುವ ವಾಸನೆಯನ್ನೇ ನಂಬಿ, ಒಂಟಿಯಾಗಿ, ಬೇಸರಿಸದೆ ಹೋಗುವ ಹಟವನ್ನು ಯಾರೂ ಕಲಿಸಲಾರರು. ತಾಯಿತಂದೆಯಿಂದ ಬಂದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊಲ ಸಿಕ್ಕಿತೋ ಇಲ್ಲವೋ ಎಂಬುದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ನಾಯಿಗೆ ಜಾಡು ಹಿಡಿಯುವ ಛಲ ಎಷ್ಟು, ಹಿಡಿದ ಮೇಲೆ ಖಚಿತತೆ ಎಷ್ಟು, ಇವೆರಡೇ ಪ್ರಶ್ನೆ.

ಇನ್ನು ಆ ಬೊಗಳು. ಅದಕ್ಕೆ ಅಂಕವೇ ಇಲ್ಲ! ಆದರೂ ತೀರ್ಪುಗಾರರು ತಪ್ಪದೆ ಬರೆದುಕೊಳ್ಳುತ್ತಾರೆ: ಕಾಣದ ಮೊಲದ ವಾಸನೆಯ ಮೇಲೇ ಬೊಗಳಿತೋ, ಮೊಲವನ್ನು ಕಂಡಾಗ ಮಾತ್ರವೋ, ಬಾಯಿ ಬಿಡದೆ ಓಡಿತೋ, ಅಥವಾ ವಾಸನೆಯೂ ಇಲ್ಲದೆ ಸುಮ್ಮನೆ ಗದ್ದಲ ಮಾಡಿತೋ. ಕೊನೆಯದು ದೋಷ. ಮೊದಲನೆಯದು ಬೇಟೆಗಾರನಿಗೆ ಚಿನ್ನ. ದಟ್ಟ ಪೊದೆಯಲ್ಲಿ ನಾಯಿ ಎಲ್ಲಿದೆ, ಪ್ರಾಣಿ ಯಾವ ಕಡೆ ತಿರುಗಿತು ಎಂಬುದು ಸ್ವರದಿಂದಲೇ ತಿಳಿಯುತ್ತದೆ. ಮುಂದೆ ಓಡುವ ಪ್ರಾಣಿಗೂ ಎಚ್ಚರಿಕೆ ಸಿಗುತ್ತದೆ. ಈ ಗುಣವೂ ರಕ್ತದಲ್ಲೇ ಇಳಿದು ಬರುವಂಥದ್ದು. ಆ ದಿನ ನಾಯಿಗಳು ಒಂದೊಂದಾಗಿ ಓಡಿದಾಗ ನಾನು ಅಂಕಕ್ಕಿಂತ ಹೆಚ್ಚಾಗಿ ಈ ದನಿಗೇ ಕಿವಿಗೊಟ್ಟೆ. ಒಂದು ಗಂಡು ನಾಯಿ ಅಚ್ಚುಕಟ್ಟಾಗಿ ಬಹುದೂರ ಹೋಯಿತು, ತುಟಿ ಬಿಚ್ಚಲಿಲ್ಲ. ಇನ್ನೊಂದು ಮೊಲದ ಬೆನ್ನು ಕಂಡೊಡನೆ ಕೂಗಿತು, ಮರೆಯಾದೊಡನೆ ನಿಲ್ಲಿಸಿತು. ಒಂದೇ ಜಾತಿ, ಒಂದೇ ವಯಸ್ಸು, ಒಂದೇ ಹೊಲ. ಮೂಗಿಗೂ ಗಂಟಲಿಗೂ ನಡುವೆ ಇರುವ ಆ ತಂತಿ ಕೆಲವಕ್ಕೆ ಹುಟ್ಟಿನಿಂದ ಜೋಡಿಸಿರುತ್ತದೆ, ಕೆಲವಕ್ಕೆ ಇಲ್ಲ. ಇದನ್ನು ಕಿವಿಯಾರೆ ಕೇಳಿದ ಮೇಲೆ ತಳಿ ಎಂದರೆ ಬಣ್ಣ, ಕೂದಲು, ಎತ್ತರ ಎಂದು ನಂಬುವುದು ಕಷ್ಟ.

ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾಯಿಗಳ ಮೊದಲ ವ್ಯವಸ್ಥಿತ ಪ್ರದರ್ಶನ ನಡೆದದ್ದು 1859ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಅಲ್ಲಿದ್ದದ್ದು ಹಕ್ಕಿನಾಯಿಗಳಾದ ಪಾಯಿಂಟರ್ ಮತ್ತು ಸೆಟರ್ ಮಾತ್ರ, ಬಹುಮಾನ ಬಂದೂಕು. ಹೊಲದಲ್ಲಿ ಕೆಲಸ ನೋಡಿ ತೀರ್ಪು ಕೊಡುವ ಪರೀಕ್ಷೆ ಆರು ವರ್ಷ ತಡವಾಗಿ, 1865ರಲ್ಲಿ ಬೆಡ್‌ಫರ್ಡ್‌ಶೈರ್‌ನ ಸೌತ್‌ಹಿಲ್‌ನಲ್ಲಿ ನಡೆಯಿತು. ಚಂದಕ್ಕೆ ಮೊದಲ ಮಣೆ, ಕೆಲಸಕ್ಕೆ ಎರಡನೆಯದು. ನಾಯಿ ಲೋಕ ಈ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ. ಜರ್ಮನಿಯಲ್ಲಿ ಹೇಗೆವಾಲ್ಟ್ ಎಂಬ ಕಾವ್ಯನಾಮದ ಕುಲೀನ ಮನೆತನದ ಬರಹಗಾರ 1880ರ ದಶಕದಲ್ಲಿ ಇದಕ್ಕೆ ವಿರುದ್ಧ ದಾರಿ ಹಿಡಿದ. ಹೊಲ, ಕಾಡು, ನೀರು ಮೂರರಲ್ಲೂ ದುಡಿಯುವ ಒರಟು ಕೂದಲಿನ ಒಂದೇ ನಾಯಿ ಬೇಕೆಂದು ಬೇಟೆ ಪತ್ರಿಕೆಗಳಲ್ಲಿ ಬರೆದ. ಹಲವು ತಳಿಗಳ ಬೆರಕೆಯಿಂದ ಹುಟ್ಟಿದ ಡ್ರಾಟ್‌ಹಾರ್‌ಗೆ 1902ರಲ್ಲಿ ಸಂಘ ಬಂತು. ಕೆಲಸವನ್ನು ಒರೆಗೆ ಹಚ್ಚುತ್ತಾ ಹೋದರೆ ರೂಪ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ವಸಂತದ ಪರೀಕ್ಷೆ, ಶರತ್ಕಾಲದ ಪರೀಕ್ಷೆ, ಮೈಕಟ್ಟು ಮತ್ತು ಕೂದಲಿನ ತಪಾಸಣೆ, ಸೊಂಟದ ಎಕ್ಸ್‌ರೇ, ಇಷ್ಟನ್ನೂ ದಾಟದ ನಾಯಿಗೆ ಮರಿ ಹಾಕಿಸುವ ಹಕ್ಕಿಲ್ಲ.

ಎಲ್ಲವನ್ನೂ ನಾನು ಮೆಚ್ಚಲಾರೆ. ಶರತ್ಕಾಲದ ನೀರಿನ ಪರೀಕ್ಷೆಯಲ್ಲಿ ಜೀವಂತ ಬಾತುಕೋಳಿಯನ್ನು ಬಳಸುವುದುಂಟು. ರೆಕ್ಕೆಗೆ ಕಾಗದದ ಪಟ್ಟಿ ಸುತ್ತಿ ಹಾರದಂತೆ ಮಾಡುತ್ತಾರೆ, ನೆನೆದ ಮೇಲೆ ಕಾಗದ ಕಳಚಿಕೊಳ್ಳುತ್ತದೆ. ಇದರ ಸರಿತಪ್ಪು ಜರ್ಮನಿಯ ಕೋರ್ಟುಗಳ ತನಕ ಹೋಗಿದೆ. ಮೊಲಕ್ಕಾದರೆ ಇಡೀ ಹೊಲ ಬಯಲಾಗಿರುತ್ತದೆ, ಅದು ತಪ್ಪಿಸಿಕೊಳ್ಳುತ್ತದೆ. ಹಾರಲಾರದ ಬಾತುಕೋಳಿಯ ಸ್ಥಿತಿ ಬೇರೆ. ಆ ಒಂದು ಭಾಗ ಬೇಡ.

ನಾನು ತುಂಬು ಮನಸ್ಸಿನಿಂದ ಮೆಚ್ಚಿದ್ದು ತೀರ್ಪು ಕೊಡುವ ರೀತಿ. ಪ್ರತಿ ಓಟ ಮುಗಿದ ಮೇಲೆ ಮೂವರು ತೀರ್ಪುಗಾರರು ಸ್ವಲ್ಪ ದೂರ ಸರಿದು ಮಾತಾಡಿಕೊಂಡು, ಬಂದು ಎಲ್ಲರೆದುರೇ ವಿವರಿಸುತ್ತಿದ್ದರು: ನಾಯಿ ಎಲ್ಲಿ ತಡವರಿಸಿತು, ಗಾಳಿ ಯಾವ ಕಡೆಯಿತ್ತು, ನೆಲ ಎಷ್ಟು ಒಣಗಿತ್ತು. ಅಂಕ ಆ ನಾಯಿಯ ವಂಶಪತ್ರಕ್ಕೆ ಸೇರುತ್ತದೆ. ಒಂದೇ ಸೂಲಿನ ಮರಿಗಳೆಲ್ಲ ಪರೀಕ್ಷೆಗೆ ಬಂದರೆ ಅಸಲು ಅಂಕ ಬೀಳುವುದು ತಾಯಿಗೆ, ತಂದೆಗೆ.

ಅಲ್ಲಿ ನಿಂತು ನನಗೆ ನೆನಪಾದದ್ದು ಮುಧೋಳ. ನಮ್ಮದು ಹಕ್ಕಿನಾಯಿಯಲ್ಲ, ಕಣ್ಣಿನಿಂದ ಗುರುತಿಸಿ ಕಾಲಿನಿಂದ ಗೆಲ್ಲುವ ನಾಯಿ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಅವರ ಪೋಷಣೆಯಲ್ಲಿ ಹೆಸರಾಯಿತು, 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, ಸೈನ್ಯವೂ ಮರಿಗಳನ್ನು ಒಯ್ದಿದೆ. ಒಂದು ಕಾಲಕ್ಕೆ ಈ ತಳಿಯನ್ನು ಆರಿಸಿದ್ದು ಮೊಲದ ಬೆನ್ನಟ್ಟುವಿಕೆಯೇ: ಓಡಬಲ್ಲ ನಾಯಿಯ ಮರಿಗೆ ಬೇಡಿಕೆ, ಓಡಲಾರದ್ದಕ್ಕೆ ಇಲ್ಲ. ವನ್ಯಜೀವಿ ಕಾಯ್ದೆಯಡಿ ಇಂದು ಮೊಲದ ಬೇಟೆ ಅಪರಾಧ, ಅದು ಹಾಗೇ ಇರಬೇಕು. ಆದರೆ ಬೇಟೆ ನಿಂತಾಗ ಆ ಜರಡಿಯೂ ನಿಂತಿತು. ಉಳಿದದ್ದು ಎತ್ತರ, ಬಣ್ಣ, ತೆಳು ಸೊಂಟ ನೋಡುವ ಕಣ್ಣು.

ಜರಡಿಯನ್ನು ಮರಳಿ ಹಿಡಿಯಲು ಯಾವ ಜೀವವನ್ನೂ ಬಲಿ ಕೊಡಬೇಕಿಲ್ಲ. ಓಟದ ನಾಯಿಗಳಿಗೆಂದೇ ಹೊರದೇಶಗಳಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ದಾರಕ್ಕೆ ಕಟ್ಟಿ, ಯಂತ್ರದಿಂದ ಅಂಕುಡೊಂಕಾಗಿ ಎಳೆದು ಬೆನ್ನಟ್ಟಿಸುವ ಪರೀಕ್ಷೆಯಿದೆ. ವೇಗ, ತಿರುವಿನ ಚುರುಕು, ದಮ್ಮು, ಛಲ ಎಲ್ಲಕ್ಕೂ ಅಂಕ ಕೊಡಬಹುದು. ಬಾಗಲಕೋಟೆಯ ಬಯಲಿಗೆ ಇದು ಹೇಳಿ ಮಾಡಿಸಿದಂತಿದೆ. ಆ ಪರೀಕ್ಷೆ ಮುಧೋಳದಲ್ಲಿ ಪ್ರತಿ ವರ್ಷ ನಡೆಯಲಿ, ಅದರಲ್ಲಿ ತೇರ್ಗಡೆಯಾಗದ ಜೋಡಿಗೆ ಮರಿ ಹಾಕಿಸುವುದು ಬೇಡ, ಅಂಕ ಮರಿಯ ಕಾಗದದಲ್ಲಿ ಅಚ್ಚಾಗಲಿ. ಮುಧೋಳದ ಮರಿ ಕೊಳ್ಳಲು ಹೊರಟವರೂ ಬಣ್ಣ ಕೇಳುವ ಮೊದಲು ಕೇಳಿ: ಇದರ ತಾಯಿ ಹೇಗೆ ಓಡುತ್ತಾಳೆ, ತೋರಿಸುತ್ತೀರಾ?