ಸುಂಡಿಲಿಯ ಮರಿಯೂ ಮಗುವಿನ ಮನೋವಿಕಾಸವೂ

ಹಳದೀಪುರದ ಮನೆಗಳಲ್ಲಿ ಸುಂಡಿಲಿಯೆಂದರೆ ಅಟ್ಟದ ಮೇಲಿನ ಭತ್ತದ ಮುಡಿಯನ್ನು ಕೊರೆಯುವ ಪ್ರಾಣಿ. ಬೋನಿಟ್ಟು ಹಿಡಿಯುವುದಷ್ಟೇ ನಮಗೂ ಅದಕ್ಕೂ ಇರುವ ಸಂಬಂಧ. ಅದೇ ಜಾತಿಯ ಪ್ರಾಣಿಯನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾ. ಜೇಮ್ಸ್ ಕ್ಲೆಮೆಂಟ್ ಅವರೂ ಅವರ ಶಿಷ್ಯರೂ ಜೋಪಾನವಾಗಿ ಸಾಕಿ ಅಭ್ಯಸಿಸಿದ್ದಾರೆ. ಅವರ ಪ್ರಶ್ನೆ ನಮ್ಮ ಮನೆಯ ಮಕ್ಕಳಿಗೆ ಸಂಬಂಧಿಸಿದ್ದು.

ಮಗುವಿಗೆ ನಡಿಗೆ, ಮಾತು ತಡವಾದರೆ ಮೊದಲು ವಿಚಾರಣೆಗೆ ಒಳಗಾಗುವವಳು ತಾಯಿ. ಬಸಿರಿನಲ್ಲಿ ಏನು ತಿಂದಳು, ಗ್ರಹಣಕಾಲದಲ್ಲಿ ಹೊರಗೆ ಬಂದಳೇ ಎಂದು ಕೇಳುವ ಹಿರಿಯರನ್ನು ನಾನೂ ಕಂಡಿದ್ದೇನೆ. ಇಂಥ ಕೆಲವು ಮಕ್ಕಳಲ್ಲಿ ಕಾರಣವೇ ಬೇರೆಯೆಂದು 2009ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಆರನೆಯ ವರ್ಣತಂತುವಿನಲ್ಲಿರುವ ಸಿನ್‌ಗ್ಯಾಪ್-1 ಎಂಬ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತ್ತು. ಬಹುಪಾಲು ಪ್ರಕರಣಗಳಲ್ಲಿ ಈ ಉತ್ಪರಿವರ್ತನೆ ತಂದೆಯಲ್ಲಿಯೂ ಇಲ್ಲ, ತಾಯಿಯಲ್ಲಿಯೂ ಇಲ್ಲ. ಮಗುವಿನಲ್ಲಿಯೇ ಹೊಸದಾಗಿ ತಲೆದೋರಿದ್ದು.

ಮಗುವಿನ ಮಿದುಳನ್ನು ಬಿಚ್ಚಿ ನೋಡಲಾಗದು. ಸುಂಡಿಲಿಯ ಮರಿಯಾದರೋ ಕಣ್ಣು ಮುಚ್ಚಿಯೇ ಹುಟ್ಟಿ, ಎರಡು ವಾರಕ್ಕೆ ಕಣ್ಣು ತೆರೆದು, ಮೂರು ವಾರಕ್ಕೆ ಮೊಲೆ ಬಿಡುತ್ತದೆ. ಅದರ ಶೈಶವವೆಲ್ಲ ಒಂದು ತಿಂಗಳೊಳಗೆ ಮುಗಿಯುತ್ತದೆ. ಸಿನ್‌ಗ್ಯಾಪ್‌ನ ಎರಡೂ ಪ್ರತಿಗಳಿಲ್ಲದ ಮರಿ ಹುಟ್ಟಿದ ವಾರದೊಳಗೆ ಸಾಯುತ್ತದೆ. ಒಂದು ಪ್ರತಿಯುಳ್ಳದ್ದು ಬದುಕುತ್ತದೆ, ಆದರೆ ಒಂದೆಡೆ ನಿಲ್ಲದೆ ಓಡಾಡುತ್ತದೆ, ನೆನಪು ದುರ್ಬಲ, ಅಪಸ್ಮಾರ ಬೇಗ ಬರುತ್ತದೆ.

ಏಕೆ? ಕ್ಲೆಮೆಂಟ್ ಅವರು ಅಮೆರಿಕದಲ್ಲಿದ್ದಾಗ ಸಹೋದ್ಯೋಗಿಗಳೊಡನೆ 2012ರಲ್ಲಿ ಪ್ರಕಟಿಸಿದ ಉತ್ತರ ಅಚ್ಚರಿಯದು. ಈ ಮರಿಗಳಲ್ಲಿ ನರಕೋಶಗಳ ಪರಸ್ಪರ ಸಂಧಿಗಳು ತಡವಾಗಿ ಅಲ್ಲ, ಅಕಾಲದಲ್ಲಿ ಬೇಗ ಬಲಿತಿದ್ದವು. ಸಿನ್‌ಗ್ಯಾಪ್ ಪ್ರೋಟೀನು ಬೆಳವಣಿಗೆಯ ಲಗಾಮು. ಅದು ಅರ್ಧವಾದಾಗ ಮಿದುಳು ಅವಸರಪಡುತ್ತದೆ. ಕಾವಿಗಿಟ್ಟು ಹಣ್ಣುಮಾಡಿದ ಮಾವಿಗೆ ಬಣ್ಣ ಬಂದರೂ ರಸ ತುಂಬದಷ್ಟೆ. ಮಂದವೆಂದು ನಾವು ಹೆಸರಿಟ್ಟ ಮಗುವಿನೊಳಗೆ ನಡೆದದ್ದು ಅತಿವೇಗ!

ಬೆಳೆದ ಇಲಿಯಲ್ಲಿ ಅದೇ ವಂಶವಾಹಿಯನ್ನು ಕೆಡಿಸಿದರೆ ಹೆಚ್ಚು ಹಾನಿಯಾಗಲಿಲ್ಲ. ಹುಟ್ಟಿನಿಂದ ಕೆಟ್ಟಿದ್ದುದನ್ನು ದೊಡ್ಡದಾದ ಮೇಲೆ ಸರಿಪಡಿಸಿದರೂ ನಡವಳಿಕೆ ತಿದ್ದಲಿಲ್ಲ. ಇದನ್ನು ಓದಿದ ತಾಯಿತಂದೆಯರು ಎದೆಗುಂದಬಾರದು. 2019ರ ಅಧ್ಯಯನವೊಂದು, ಬೆಳೆದ ಇಲಿಯಲ್ಲಿಯೂ ಆ ಪ್ರೋಟೀನನ್ನು ಮರಳಿಸಿದರೆ ನೆನಪು ಸುಧಾರಿಸುವುದೆಂದು ತೋರಿಸಿತು. ಜಕ್ಕೂರಿನ ತಂಡವೂ ಸಿಕ್ಸ್‌ಬಯೋ ಎಂಬ ರಾಸಾಯನಿಕದಿಂದ ಇಲಿಗಳಲ್ಲಿ ಉತ್ತಮ ಫಲವನ್ನು ಕಂಡಿತು. ಅದಿನ್ನೂ ಮಕ್ಕಳ ಔಷಧವಲ್ಲ. ಸದ್ಯಕ್ಕೆ ಇರುವುದು ಅಪಸ್ಮಾರಕ್ಕೆ ಚಿಕಿತ್ಸೆ, ಮಾತಿಗೆ ಮತ್ತು ನಡಿಗೆಗೆ ತರಬೇತಿ, ಕಾರಣವನ್ನು ತಿಳಿಸುವ ರಕ್ತಪರೀಕ್ಷೆ. ಮಾತು ತಡವಾದ ಮಗುವನ್ನು ಎರಡು ವರ್ಷದೊಳಗೇ ತಜ್ಞವೈದ್ಯರಿಗೆ ತೋರಿಸತಕ್ಕದ್ದು.