ನಮ್ಮ ಮಾತು ಯಾರಿಗೆ ಕಿರಿಕಿರಿ, ಏಕೆ?

ಕಳೆದ ವರ್ಷ ನನ್ನ ಅಣ್ಣನ ನಿಕಾಹ್ ದಿನ ನಮ್ಮ ನಾನಾ, ಅಂದರೆ ತಾಯಿಯ ತಂದೆ, ತಾವೇ ಬರೆದ ಒಂದು ಸೆಹರಾ ಓದಿದರು. ವರನನ್ನು ಹರಸಿ ಉರ್ದುವಿನಲ್ಲಿ ಓದುವ ಮದುವೆಯ ಕವಿತೆಗೆ ಸೆಹರಾ ಎನ್ನುತ್ತಾರೆ. ನಾನಾ ಉರ್ದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಅಂದು ಮೈಕು ಕುಂಯ್‌ಗುಡುತ್ತಿತ್ತು, ಅವರ ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು. ಅವರು ಓದಿ ಮುಗಿಸುವ ಮೊದಲೇ ಅರ್ಧ ಜನ ಊಟಕ್ಕೆ ಎದ್ದಿದ್ದರು. ನಾನು ಪಕ್ಕದಲ್ಲಿದ್ದ ಚಿಕ್ಕಪ್ಪನ ಮಗನಿಗೆ, "ಫುಲ್ ಕ್ರಿಂಜ್ ಬ್ರೋ" ಎಂದೆ. ಅಂದುಕೊಂಡದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ.

ವೇದಿಕೆ ಇಳಿದು ನಮ್ಮ ಹಿಂದಿನ ಸಾಲಿಗೆ ಬಂದು ಕುಳಿತಿದ್ದ ನಾನಾ ಅದನ್ನು ಕೇಳಿಸಿಕೊಂಡರು. "ಕ್ಯಾ ಬೋಲ್ಯಾ ಬೇಟಾ? ಹಾಗೆಂದರೇನು?" ಎಂದು ಕೇಳಿದರು. ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ. "ಭಾಳ ಚಲೋ ಇತ್ತು ಅಂತ, ನಾನಾ" ಎಂದೆ. ಅವರ ಮುಖ ಅರಳಿತು.

ಎರಡು ವಾರದ ಮೇಲೆ ಅವರನ್ನು ಊಟಕ್ಕೆ ಕರೆಯಲು ಮಸೀದಿಯ ಬಳಿಯ ಚಹಾದಂಗಡಿಗೆ ಹೋಗಿದ್ದೆ. ನಾನಾ ತಮ್ಮ ಹಳೆಯ ಗೆಳೆಯರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು: "ನನ್ನ ಸೆಹರಾ ಕ್ರಿಂಜ್ ಇತ್ತು ಅಂತ ಕಾಲೇಜು ಹುಡುಗರೇ ಹೇಳ್ಯಾರ." ಚಹಾ ಸೋಸುತ್ತಿದ್ದ ನನ್ನ ವಯಸ್ಸಿನ ಹುಡುಗ ನನ್ನ ಮುಖ ನೋಡಿ ನಕ್ಕ. ಎಲ್ಲಿಯಾದರೂ ಅಡಗಿಕೊಳ್ಳೋಣ ಅನ್ನಿಸಿತು.

ನಮ್ಮ ವಾರ್ತಾಪತ್ರಕ್ಕೆ ಏನಾದರೂ ಬರೆಯಿರಿ ಎಂದು ಉಪನ್ಯಾಸಕರು ಹೇಳಿದಾಗ ನನಗೆ ಹೊಳೆದದ್ದು ಇದೇ ವಿಷಯ. ನಾವು ಆಡುವ ಮಾತು ಎಲ್ಲಿಂದ ಬರುತ್ತದೆ? ಅದು ದೊಡ್ಡವರಿಗೆ ಇಷ್ಟೊಂದು ಸಿಟ್ಟು ತರಿಸುವುದೇಕೆ? ಆ ಸಿಟ್ಟಿನಲ್ಲಿ ನ್ಯಾಯ ಇದೆಯೇ?

ಮೊದಲು ಕಾಲೇಜಿನಲ್ಲೇ ಕೆಲವರನ್ನು ಕೇಳಿದೆ. ಒಬ್ಬ ಉಪನ್ಯಾಸಕರು, "ನನಗೆ ಬ್ರೋ ಅನ್ನಬೇಡಿ, ಅಷ್ಟು ಸಾಕು" ಎಂದರು. ವಾಣಿಜ್ಯ ವಿಭಾಗದವರೊಬ್ಬರು ಉತ್ತರಪತ್ರಿಕೆಯೊಂದನ್ನು ನೆನಪಿಸಿಕೊಂಡು ನಕ್ಕರು. ಸಾಲ ತೀರಿಸದಿದ್ದರೆ ಸಂಸ್ಥೆ ಏನಾಗುತ್ತದೆ ಎಂಬ ಪ್ರಶ್ನೆಗೆ ವಿದ್ಯಾರ್ಥಿ "ಢಮಾರ್ ಆಗುತ್ತದೆ" ಎಂದು ಬರೆದಿದ್ದನಂತೆ. ಗ್ರಂಥಾಲಯದ ಚಾಚಾ ಹೇಳಿದ್ದು ಬೇರೆ: "ಪದ ಯಾವುದಾದರೂ ಇರಲಿ, ನಾನು ಬಂದ ಕೂಡಲೇ ಆ ಪದ ಹೇಳಿ ನಗ್ತೀರಲ್ಲ, ಅದು ಬೇಜಾರು."

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. "ಹೌದ್ರಿ", "ಅಗ್ದಿ", "ಖರೇನ" ಎಂಬ ನಮ್ಮ ವಿಜಯಪುರದ ಮಾತು ಹುಡುಗರ ಮಾತಲ್ಲ. ಅದು ಈ ಸೀಮೆಯ ಕನ್ನಡ. ಅಜ್ಜಿಯೂ ಆಡುತ್ತಾಳೆ, ಮೊಮ್ಮಗನೂ ಆಡುತ್ತಾನೆ. ಮನೆಯಲ್ಲಿ ನಾವು ಆಡುವ "ನಕ್ಕೋ", "ಕೈಕು", "ಹೌ" ಕೂಡ ದಖನಿ ಭಾಷೆಯ ಪದಗಳು. ನಾನು ಇಲ್ಲಿ ಹೇಳುತ್ತಿರುವುದು ಒಂದು ವಯಸ್ಸಿನವರು, ಒಂದು ಗುಂಪಿನವರು ತಮ್ಮೊಳಗೆ ಕಟ್ಟಿಕೊಂಡು, ಕೆಲವು ಕಾಲ ಬಳಸಿ ಬಿಡುವ ಪದಗಳ ಬಗ್ಗೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಲ್ಯಾಂಗ್ ಎನ್ನುತ್ತಾರೆ.

ಈ ಪದಗಳು ಆಕಾಶದಿಂದ ಉದುರುವುದಿಲ್ಲ. ಹೆಚ್ಚಿನವು ಹಳೆಯ ಪದಗಳೇ, ಕೆಲಸ ಮಾತ್ರ ಹೊಸದು. ಬೆಂಗಳೂರಿನ ಹುಡುಗರು ಗೆಳೆಯನನ್ನು "ಮಚ್ಚಾ" ಎಂದು ಕರೆಯುತ್ತಾರೆ. ಅದು ತಮಿಳಿನಲ್ಲಿ ಭಾವ-ಮೈದುನರನ್ನು ಕರೆಯುವ ಪದ. "ಮಗಾ" ಎಂದರೆ ಮಗ. ಈಗ ಅಪ್ಪನಿಗಿಂತ ಗೆಳೆಯನೇ ಆ ಪದವನ್ನು ಹೆಚ್ಚು ಬಳಸುತ್ತಾನೆ. "ಏನ್ ಗುರು" ಎನ್ನುವಾಗ ಎದುರಿಗಿರುವವರು ನಮಗೆ ಏನನ್ನೂ ಕಲಿಸಿರುವುದಿಲ್ಲ. "ಸಕ್ಕತ್" ಎಂಬುದರ ಮೂಲ ಪಾರ್ಸಿಯ ಸಖ್ತ್, ಅಂದರೆ ಗಟ್ಟಿಯಾದ, ಕಠಿಣವಾದ. ನಮ್ಮ ಮನೆಯಲ್ಲಿ ಬಿಸಿಲು ಹೆಚ್ಚಾದರೆ ಇಂದಿಗೂ "ಸಖ್ತ್ ಗರ್ಮಿ" ಎನ್ನುತ್ತಾರೆ. ಆ ಕಠಿಣವೇ ಮೊದಲು "ಬಹಳ" ಆಗಿ, ಆಮೇಲೆ "ಬಹಳ ಚೆನ್ನಾಗಿದೆ" ಆಯಿತು. "ಮಸ್ತ್" ಕೂಡ ಪಾರ್ಸಿ ಪದ. ಅದರ ಮೂಲ ಅರ್ಥ ಅಮಲೇರಿದ ಎಂದು. ಸೂಫಿ ಕವಿಗಳಲ್ಲಿ ದೇವರ ಪ್ರೇಮದಲ್ಲಿ ಮೈಮರೆತವನು ಮಸ್ತ್. ನಮ್ಮಲ್ಲಿ ಮಿರ್ಚಿ ಭಜಿಯೂ ಮಸ್ತ್. ಇನ್ನು "ಕ್ರಿಂಜ್" ಎಂಬ ಇಂಗ್ಲಿಷ್ ಪದ ಮೊದಲು ಹೆದರಿ ಮುದುಡಿಕೊಳ್ಳುವ ಕ್ರಿಯೆಯನ್ನು ಹೇಳುತ್ತಿತ್ತು. ಈಗ ಮೊಬೈಲಿನ ಹುಡುಗರ ಬಾಯಲ್ಲಿ, ನೋಡುವವರಿಗೇ ಮುಜುಗರ ತರುವಂಥದ್ದು ಎಂಬ ಅರ್ಥ ಪಡೆದಿದೆ.

ಹೊಸದೆಂದು ನಾವು ಮೆರೆಸುವ ಕೆಲವು ಪದಗಳು ಹೊಸವೂ ಅಲ್ಲ. ಆಕ್ಸ್‌ಫರ್ಡ್ ನಿಘಂಟಿನವರು 2023ರಲ್ಲಿ "ರಿಜ್", 2024ರಲ್ಲಿ "ಬ್ರೇನ್ ರಾಟ್" ಎಂಬುದನ್ನು ವರ್ಷದ ಪದವೆಂದು ಆರಿಸಿದರು. ರೀಲ್ಸ್ ನೋಡಿ ನೋಡಿ ಮಿದುಳು ಕೊಳೆಯಿತು ಎಂದು ನಾವು ಹೇಳುವ ಆ ಎರಡನೆಯ ಪದವನ್ನು ಅಮೆರಿಕದ ಲೇಖಕ ಥೋರೋ 1854ರಲ್ಲೇ ತನ್ನ "ವಾಲ್ಡನ್" ಪುಸ್ತಕದಲ್ಲಿ ಬಳಸಿದ್ದ.

ಹಾಗಾದರೆ ಪದಗಳನ್ನು ಪದೇಪದೇ ಬದಲಿಸುವುದೇಕೆ? ಒಂದು ಕಾರಣ ಸವಕಳಿ. ಒತ್ತು ಕೊಡುವ ಪದ ಬಳಸಿದಷ್ಟೂ ಸವೆಯುತ್ತದೆ. "ಭಾರಿ" ಎಂದರೆ ತೂಕದ್ದು. ಎಲ್ಲವನ್ನೂ ಭಾರಿ ಎಂದಮೇಲೆ ಅದರ ತೂಕ ಇಳಿಯಿತು. ನಮ್ಮ ಸಾರು "ಭಯಂಕರ ರುಚಿ" ಎನ್ನುವ ಹಿರಿಯರಿಗೆ ಅದರಲ್ಲಿ ಭಯ ಕಾಣುವುದಿಲ್ಲ. ನಾವು ಹಾಗೆಯೇ ಮಾತನಾಡಿದರೆ ಮಾತ್ರ ಅವರಿಗೆ ವಿಚಿತ್ರ ಕೇಳಿಸುತ್ತದೆ.

ಇನ್ನೊಂದು ಕಾರಣ ಗುಂಪು. ಪೆನೆಲೋಪ್ ಎಕರ್ಟ್ ಎಂಬ ಭಾಷಾವಿಜ್ಞಾನಿ ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದ ಒಂದು ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳ ಜೊತೆಗಿದ್ದು ಅವರ ಮಾತನ್ನು ಅಧ್ಯಯನ ಮಾಡಿದರು. ಅದರ ಪುಸ್ತಕ 1989ರಲ್ಲಿ ಬಂತು. ಶಾಲೆಯ ಆಟ, ಸಂಘ, ಚುನಾವಣೆಗಳಲ್ಲಿ ಮುಂದಿರುವವರದು ಒಂದು ಗುಂಪು, ಶಾಲೆಯಿಂದ ದೂರ ಉಳಿಯುವವರದು ಇನ್ನೊಂದು. ಮಕ್ಕಳ ಉಚ್ಚಾರಣೆ ಅವರ ತಂದೆತಾಯಿಯ ಅಂತಸ್ತಿಗಿಂತ ಅವರು ಸೇರಿದ ಗುಂಪನ್ನೇ ಹೆಚ್ಚು ಅನುಸರಿಸುತ್ತಿತ್ತು. ನಮ್ಮಲ್ಲೂ ನೋಡಿ. ಮೊದಲ ಪಿಯುಗೆ ಹಳ್ಳಿಯಿಂದ ಬಂದ ಹುಡುಗ ಒಂದೇ ತಿಂಗಳಲ್ಲಿ "ಸೀನ್ ಹಾಕಬ್ಯಾಡಲೇ" ಎನ್ನಲು ಕಲಿಯುತ್ತಾನೆ. ಅವನಿಗೆ ಆ ಪದ ಬೇಕಾಗಿಲ್ಲ, ಕೂಡಲು ಒಂದು ಬೆಂಚು ಬೇಕಾಗಿದೆ.

ಈಗ ಕಿರಿಕಿರಿಯ ಕಡೆಗೆ ಬರೋಣ. ನನಗೆ ತೋಚಿದಂತೆ ಅದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು ಮರ್ಯಾದೆ. ಕನ್ನಡದಲ್ಲಿ ನೀನು, ನೀವು ಎಂಬ ಎರಡು ಮೆಟ್ಟಿಲು. ಉರ್ದುವಿನಲ್ಲಿ ತೂ, ತುಮ್, ಆಪ್ ಎಂಬ ಮೂರು. ಯಾರ ಜೊತೆ ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂದು ಮನೆಯಲ್ಲಿ ಚಿಕ್ಕಂದಿನಿಂದ ಕಲಿಸುತ್ತಾರೆ. "ಬ್ರೋ" ಎಂಬುದಕ್ಕೆ ಮೆಟ್ಟಿಲೇ ಇಲ್ಲ. ಗೆಳೆಯನೂ ಬ್ರೋ, ಬಸ್ ಕಂಡಕ್ಟರೂ ಬ್ರೋ. ನಮಗೆ ಅದು ಸಲಿಗೆ, ಅವರಿಗೆ ಮೆಟ್ಟಿಲು ಕಿತ್ತುಹಾಕಿದಂತೆ. ಊರು ಬದಲಾದರೂ ಇದೇ ಕಥೆ. ನಾವು ಗೆಳೆಯರಲ್ಲಿ ಪ್ರೀತಿಯಿಂದ ಆಡುವ "ಲೇ" ಎಂಬುದನ್ನು ಮೈಸೂರಿನ ಕಡೆ ಅಪರಿಚಿತರಿಗೆ ಆಡಿದರೆ ಜಗಳವಾಗುತ್ತದೆ.

ಎರಡನೆಯದು ಬಾಗಿಲು ಮುಚ್ಚುವುದು. ಗುಂಪಿನ ಮಾತು ಒಳಗಿರುವವರನ್ನು ಹತ್ತಿರ ಮಾಡುವಷ್ಟೇ ಸಲೀಸಾಗಿ ಹೊರಗಿರುವವರನ್ನು ದೂರ ಇಡುತ್ತದೆ. ಗ್ರಂಥಾಲಯದ ಚಾಚಾ ಹೇಳಿದ್ದು ಇದನ್ನೇ. ತಮ್ಮೆದುರಿಗೇ ತಮಗೆ ತಿಳಿಯದ ಮಾತಾಡಿ ನಕ್ಕರೆ, ತಮ್ಮ ಬಗ್ಗೆಯೇ ನಗುತ್ತಿದ್ದಾರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಷ್ಟೋ ಸಲ ಆ ಅನುಮಾನ ನಿಜವೂ ಆಗಿರುತ್ತದೆ.

ಆದರೆ "ಈಗಿನ ಮಕ್ಕಳು ಭಾಷೆ ಕೆಡಿಸಿದರು" ಎಂಬ ದೂರು ಮಾತ್ರ ಬಹಳ ಹಳೆಯದು. ಒಂಬತ್ತನೆಯ ಶತಮಾನದ "ಕವಿರಾಜಮಾರ್ಗ" ಕನ್ನಡ ಮತ್ತು ಸಂಸ್ಕೃತ ಪದಗಳನ್ನು ಸಲ್ಲದ ರೀತಿಯಲ್ಲಿ ಬೆಸೆಯುವುದನ್ನು ಕಾಸಿದ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ್ದಕ್ಕೆ ಹೋಲಿಸುತ್ತದೆ. ಕನ್ನಡದಲ್ಲಿ ಎಷ್ಟು ಬಗೆಗಳಿವೆಯೆಂದರೆ ಅದರ ದೋಷಗಳನ್ನು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎಂದೂ ಹೇಳುತ್ತದೆ. ಅಂದರೆ ಭಾಷೆಯ ಬಗ್ಗೆ ಬೇಸರಪಡುವುದು ಕನ್ನಡದಲ್ಲಿ ಸಾವಿರ ವರ್ಷಕ್ಕಿಂತ ಹಳೆಯ ಸಂಗತಿ. ಇಂಗ್ಲೆಂಡಿನಲ್ಲಿ "ಗಲಿವರನ ಪ್ರಯಾಣ" ಬರೆದ ಜೊನಾಥನ್ ಸ್ವಿಫ್ಟ್ 1710ರಲ್ಲಿ ಪದಗಳನ್ನು ಕತ್ತರಿಸಿ ಮೊಟಕು ಮಾಡುವವರ ಮೇಲೆ ಹರಿಹಾಯ್ದ. ಅವನಿಗೆ ಸಿಟ್ಟು ತರಿಸಿದ ಪದಗಳಲ್ಲಿ "ಮಾಬ್" ಒಂದು. ಲ್ಯಾಟಿನ್ನಿನ "ಮೊಬಿಲೆ ವಲ್ಗಸ್" ಎಂಬುದನ್ನು ತುಂಡರಿಸಿ ಮಾಡಿಕೊಂಡ ಪದವದು. ಇಂದು ಅದು ಪಠ್ಯಪುಸ್ತಕದಲ್ಲೂ ಇದೆ, ಯಾರೂ ತಕರಾರು ಮಾಡುವುದಿಲ್ಲ.

ನಮ್ಮ ಊರಿನ ಉದಾಹರಣೆ ಇನ್ನೂ ದೊಡ್ಡದು. ದಖನಿ ಎಂದರೆ ಕೆಟ್ಟ ಉರ್ದು ಎಂದು ನಗುವವರು ಈಗಲೂ ಇದ್ದಾರೆ. ಹಿಂದಿ ಸಿನಿಮಾದಲ್ಲಿ ಹಾಸ್ಯನಟ ಮೆಹಮೂದ್ ಹೈದರಾಬಾದಿ ಧಾಟಿಯಲ್ಲಿ ಮಾತಾಡಿದರೆ ಜನ ನಕ್ಕರು. ನಮ್ಮ "ನಕ್ಕೋ" ಮರಾಠಿಯಿಂದ ಬಂದದ್ದು, ಆದ್ದರಿಂದ ಅಶುದ್ಧ ಎನ್ನುವವರಿದ್ದಾರೆ. ಆದರೆ ಇದೇ ವಿಜಯಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ "ಕಿತಾಬ್-ಎ-ನವ್ರಸ್" ಎಂಬ ಹಾಡುಗಳ ಗ್ರಂಥವನ್ನು ದಖನಿಯಲ್ಲೇ ರಚಿಸಿದ. ದಖನಿನ ಕವಿ ವಲಿ 1700ರಲ್ಲಿ ದೆಹಲಿಗೆ ಹೋದ. ಪಾರ್ಸಿಯಲ್ಲಿ ಬರೆಯುವುದೇ ದೊಡ್ಡಸ್ತಿಕೆ ಎಂದುಕೊಂಡಿದ್ದ ಅಲ್ಲಿನ ಕವಿಗಳು ಅವನ ಕವಿತೆಗಳನ್ನು ಕಂಡು ತಾವೂ ಆಡುನುಡಿಯಲ್ಲಿ ಬರೆಯತೊಡಗಿದರು. ಆಗ ಆ ನುಡಿಗಿದ್ದ ಹೆಸರು ರೇಖ್ತಾ, ಅಂದರೆ ಬೆರಕೆಯಾದದ್ದು. ಇಂದು ಅದನ್ನೇ ಅಪ್ಪಟ ಉರ್ದು ಎನ್ನುತ್ತೇವೆ.

ಇಷ್ಟೆಲ್ಲ ಓದಿಕೊಂಡ ಮೇಲೆ "ನಾವು ಸರಿ, ದೊಡ್ಡವರು ತಪ್ಪು" ಎಂದು ಬರೆದು ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ಸತ್ಯವಲ್ಲ.

ಕಳೆದ ವರ್ಷ ನಮ್ಮ ತರಗತಿಗೆ ಕರಾವಳಿಯಿಂದ ಒಬ್ಬ ಹುಡುಗ ಬಂದ. ಅವನ ಕನ್ನಡ ನಮಗೆ ಪುಸ್ತಕ ಓದಿದಂತೆ ಕೇಳುತ್ತಿತ್ತು. ನಾವು ಅವನಿಗೆ "ಯಕ್ಷಗಾನ" ಎಂದು ಹೆಸರಿಟ್ಟೆವು. ಅವನು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ ಚೆಂಡೆಯ ಸದ್ದು ಬರುತ್ತಿತ್ತು. ಒಂದು ತಿಂಗಳು ಅವನೂ ನಕ್ಕ. ಆಮೇಲೆ ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದ. ಉತ್ತರ ಅವನಿಗೆ ಗೊತ್ತಿರುತ್ತಿತ್ತು, ನಾವು ಅವನ ನೋಟ್ಸ್ ನೋಡಿಯೇ ಓದುತ್ತಿದ್ದೆವು. ದಖನಿಯನ್ನು ನೋಡಿ ಯಾರೋ ನಕ್ಕರೆಂದು ಮೇಲೆ ದೂರಿದ ನಾನೇ ಅವನ ಮಾತಿಗೆ ನಕ್ಕಿದ್ದೆ. ಬಣ್ಣ, ದಪ್ಪ, ಊರು, ಉಚ್ಚಾರಣೆ ಇವುಗಳ ಮೇಲೆ ಕಟ್ಟಿದ ಹೆಸರುಗಳನ್ನು ಹುಡುಗಾಟದ ಮಾತು ಎನ್ನಲಾಗದು. ಇಟ್ಟವರಿಗೆ ಮರೆತುಹೋಗುತ್ತದೆ, ಇಡಿಸಿಕೊಂಡವರಿಗೆ ಮರೆಯುವುದಿಲ್ಲ.

ಪರೀಕ್ಷೆಯ ಮಾತೂ ಹಾಗೆಯೇ. "ಢಮಾರ್" ಕ್ಯಾಂಟೀನಿನಲ್ಲಿ ಒಳ್ಳೆಯ ಪದ. ಆದರೆ "ದಿವಾಳಿ" ಎಂಬ ಪದವೂ ಗೊತ್ತಿರಬೇಕು. ಎರಡೂ ಗೊತ್ತಿದ್ದವನಿಗೆ ಆಯ್ಕೆ ಇರುತ್ತದೆ. ಒಂದೇ ಗೊತ್ತಿದ್ದವನು ಕ್ಯಾಂಟೀನಿನಲ್ಲೇ ಉಳಿಯುತ್ತಾನೆ.

ಕೊನೆಗೆ ನಾನಾ ವಿಷಯ. ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಅವರ ಜೊತೆ ನಡೆದುಕೊಂಡು ಬರುವಾಗ ನಿಜ ಹೇಳಿಬಿಟ್ಟೆ. ಕ್ರಿಂಜ್ ಎಂದರೆ ಚಲೋ ಎಂದಲ್ಲ, ನಾನು ಸುಳ್ಳು ಹೇಳಿದೆ, ಮಾಫ್ ಮಾಡಿ ಎಂದೆ. ಅವರು ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ ಹೇಳಿದರು, "ಅಂದದ್ದು ಇರಲಿ ಬೇಟಾ. ಅರ್ಥ ಕೇಳಿದಾಗ ಮುಚ್ಚಿಟ್ಟೆಯಲ್ಲ, ನಾಲ್ಕು ಮಂದಿಯ ಮುಂದೆ ನನ್ನಿಂದ ಹೇಳಿಸಿದೆಯಲ್ಲ, ಅದು ತಪ್ಪು."

ಸ್ವಲ್ಪ ಹೊತ್ತಿನ ಮೇಲೆ ನಿಂತು, "ಯಾವ ಸಾಲು ಹಾಗಿತ್ತು?" ಎಂದು ಕೇಳಿದರು. ಅದು ಸಿಟ್ಟಿನ ಪ್ರಶ್ನೆಯಲ್ಲ. ಮಾಸ್ತರರ ಪ್ರಶ್ನೆ, ತಿದ್ದಿಕೊಳ್ಳಲು ಕೇಳಿದ್ದು.

ನನ್ನ ಬಳಿ ಉತ್ತರ ಇರಲಿಲ್ಲ. ಏಕೆಂದರೆ ಅಂದು ನಾನು ಒಂದು ಸಾಲನ್ನೂ ಕೇಳಿರಲಿಲ್ಲ. ಮೈಕಿನ ಸದ್ದು, ನಡುಗುವ ಹಾಳೆ, ಏಳುತ್ತಿದ್ದ ಜನ ಇಷ್ಟು ನೋಡಿ ಒಂದು ಪದ ಅಂಟಿಸಿ ಮುಗಿಸಿದ್ದೆ. ಸಿದ್ಧವಾಗಿ ಸಿಗುವ ಪದದಿಂದ ಆಗುವ ದೊಡ್ಡ ನಷ್ಟ ಇದೇ ಎಂದು ನನಗೆ ಆಗ ತಿಳಿಯಿತು. ಅದು ಕೇಳಿಸಿಕೊಳ್ಳುವ ಕಷ್ಟವನ್ನು ತಪ್ಪಿಸುತ್ತದೆ. "ಈಗಿನ ಹುಡುಗರ ಮಾತೇ ಕೆಟ್ಟದ್ದು" ಎನ್ನುವ ದೊಡ್ಡವರೂ ಕೆಲವೊಮ್ಮೆ ಮಾಡುವುದು ಅದನ್ನೇ.

ಮನೆಗೆ ಬಂದಮೇಲೆ ನಾನಾ ಆ ಹಾಳೆ ಹುಡುಕಿ ತೆಗೆದು ನನಗೊಬ್ಬನಿಗೇ ಓದಿದರು. ಕೆಲವು ಪದಗಳ ಅರ್ಥ ನಾನು ಕೇಳಿದೆ, ಅವರು ಬಿಡಿಸಿ ಹೇಳಿದರು. ಒಂದು ಸಾಲು ಸಿನಿಮಾ ಹಾಡಿನಂತಿದೆ ಎಂದೆ. ಅವರು ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು. ಎರಡು ಸಾಲು ನಿಜವಾಗಿಯೂ ಮಸ್ತ್ ಇದ್ದವು. ಹಾಗೆಯೇ ಹೇಳಿದೆ. ಆ ಪದದ ಅರ್ಥವನ್ನು ಅವರು ಕೇಳಲಿಲ್ಲ.