ನರ್ಸ್‌ಗಳ ಸೊಂಟನೋವು

ಪ್ರಶ್ನೆ: ನಮ್ಮಕ್ಕ ನರ್ಸ್. ಡ್ಯೂಟಿ ಮುಗಿಸಿ ಬಂದರೆ ಸೊಂಟ ಹಿಡಿದುಕೊಂಡೇ ಕೂರುತ್ತಾಳೆ. ಮೂಟೆ ಹೊರುವವರ ನೋವು ನರ್ಸ್‌ಗಳಿಗೇಕೆ?

ಉತ್ತರ: ಅವರು ಎತ್ತುವುದೂ ಭಾರವನ್ನೇ. ಮೂಟೆ ನಡುವೆ ಹೊರಳುವುದಿಲ್ಲ, ನೋವಾಯಿತೆಂದು ಕೈ ಜಗ್ಗುವುದಿಲ್ಲ, ರೋಗಿ ಹಾಗಲ್ಲ. ಮಂಚದ ಮೇಲೆ ಬಾಗಿ ಕೈಚಾಚಿ ಎತ್ತುವಾಗ, ದೇಹದಿಂದ ದೂರವಿರುವ ಆ ಭಾರ ಸನ್ನೆಗೋಲಿನಂತೆ ಕೆಳಬೆನ್ನಿನ ಡಿಸ್ಕ್‌ಗಳನ್ನು ಹಲವು ಪಟ್ಟು ಅದುಮುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧಿಸುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ, ಬರಿಗೈಯಲ್ಲಿ ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ ಸುಮಾರು 16 ಕಿಲೋ ಮೀರಬಾರದು. 60 ಕಿಲೋ ತೂಕದವರಿಗೆ ನಾಲ್ವರು ಬೇಕು. ರಾತ್ರಿಪಾಳಿಯಲ್ಲಿ ನಾಲ್ವರು ಎಲ್ಲಿರುತ್ತಾರೆ? 'ಸರಿಯಾಗಿ ಬಾಗಿ' ಎಂಬ ತರಬೇತಿಯೊಂದೇ ಸಾಲದು. ಎತ್ತರ ಹೊಂದಿಸುವ ಮಂಚ, ರೋಗಿಯನ್ನು ಜಾರಿಸುವ ನುಣುಪು ಹಾಳೆ ವಾರ್ಡಿಗೆ ಬರಲೇಬೇಕು. ಅಕ್ಕನಿಗೆ ಕಾಲು ಜೋಮು ಹಿಡಿಯುತ್ತಿದ್ದರೆ ನೋವಿನ ಮಾತ್ರೆ ನುಂಗಿ ಸುಮ್ಮನಿರಲು ಬಿಡಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.